ಇಲ್ಲದ ಹನ್ನೊಂದು ದಿನ, ಕಾಣೆಯಾದ ಮೂವರು ಹುಡುಗಿಯರು

ಅರ್ಧಕಾದಂಬರಿ ಕೇಳುತ್ತಾರೆ:
ಆರು ವರ್ಷದಿಂದ ಒಂದೇ ಕಾದಂಬರಿಯನ್ನು ತಿದ್ದುತ್ತಿದ್ದೇನೆ, ನಗಬೇಡಿ. ಕತೆ ನಡೆಯುವುದು 1752ರ ಇಂಗ್ಲೆಂಡಿನಲ್ಲಿ. ಆ ವರ್ಷ ಅಲ್ಲಿ ಜೂಲಿಯನ್ ಕ್ಯಾಲೆಂಡರ್ ಬಿಟ್ಟು ಗ್ರೆಗೋರಿಯನ್ ಹಿಡಿದರು. ಸೆಪ್ಟೆಂಬರ್ 2ರ ಬುಧವಾರ ಮಲಗಿದವರು ಎದ್ದದ್ದು 14ರ ಗುರುವಾರ. ನಡುವಿನ ಹನ್ನೊಂದು ತಾರೀಖು ಕಾನೂನಿನ ಪ್ರಕಾರ ಇಲ್ಲವೇ ಇಲ್ಲ. ನನ್ನ ಮೂವರು ಹುಡುಗಿಯರು ಆ ರಾತ್ರಿ ಕಾಣೆಯಾಗಿ, ಇಲ್ಲದ ಆ ದಿನಗಳೊಳಗೆ ಬದುಕುತ್ತಿರುತ್ತಾರೆ. ಹಸ್ತಪ್ರತಿ ಓದಿದ ಇಬ್ಬರದೂ ಒಂದೇ ಮಾತು: "ಮುನ್ನೂರು ಪುಟ ಪತ್ತೇದಾರಿ ಮಾಡಿಸಿ ಕೊನೆಗೆ ಬೇರೆ ಲೋಕದ ಬಾಗಿಲು ತೆಗೆದರೆ ಅದು ಮೋಸ." ಹೌದೇ?

ಹಳೆಕಡತ:
ಬಾಗಿಲು ತೆಗೆದರೆ ಮೋಸವೇ. ಬಾಗಿಲು ಬೇಡ, ಸಾಕ್ಷಿಗಳನ್ನು ಕರೆತನ್ನಿ. ಎಲಿಜಬೆತ್ ಕ್ಯಾನಿಂಗ್ ಪ್ರಕರಣ ನಿಮ್ಮ ಕತೆಯ ಮರುವರ್ಷದ್ದೇ. 1753ರ ಜನವರಿ 1ರಂದು ಲಂಡನ್ನಿನಲ್ಲಿ ಹದಿನೆಂಟು ವಯಸ್ಸಿನ ಮನೆಗೆಲಸದ ಹುಡುಗಿ ಕಾಣೆಯಾದಳು. ನಾಲ್ಕು ವಾರ ಕಳೆದು, ಎಲುಬುಗೂಡಾಗಿ ತಾಯಿಯ ಮನೆಗೆ ಬಂದಳು. ಎನ್‌ಫೀಲ್ಡ್ ವಾಶ್‌ನ ಮನೆಯೊಂದರ ಅಟ್ಟದಲ್ಲಿ ಕೂಡಿಹಾಕಿದ್ದರು, ಬ್ರೆಡ್ಡಿನ ಚೂರು ಮತ್ತು ಒಂದು ಹೂಜಿ ನೀರಿನಲ್ಲಿ ದಿನ ದೂಡಿದೆ ಎಂದಳು. ಮೇರಿ ಸ್ಕ್ವೈರ್ಸ್ ಎಂಬ ಅಲೆಮಾರಿ ಮುದುಕಿಗೆ ಗಲ್ಲುಶಿಕ್ಷೆಯಾಯಿತು. ಆಮೇಲೆ ನೋಡಿ ತಮಾಷೆ: ಅದೇ ದಿನಗಳಲ್ಲಿ ಮುದುಕಿ ದೂರದ ಡಾರ್ಸೆಟ್‌ನಲ್ಲಿದ್ದಳೆಂದು ಹತ್ತಾರು ಜನ ಪ್ರಮಾಣ ಮಾಡಿದರು, ಎನ್‌ಫೀಲ್ಡ್‌ನಲ್ಲೇ ಕಂಡೆವೆಂದು ಮತ್ತೆ ಹತ್ತಾರು ಜನ. ಮುದುಕಿಗೆ ಕ್ಷಮಾದಾನ ಸಿಕ್ಕಿತು. 1754ರಲ್ಲಿ ಸುಳ್ಳುಸಾಕ್ಷಿ ಹೇಳಿದಳೆಂದು ಹುಡುಗಿಯನ್ನೇ ಅಮೆರಿಕಕ್ಕೆ ಗಡೀಪಾರು ಮಾಡಿದರು. ಆ ನಾಲ್ಕು ವಾರ ಎಲ್ಲಿದ್ದಳೋ, ಇಂದಿಗೂ ಇತ್ಯರ್ಥವಾಗಿಲ್ಲ. ಒಬ್ಬಳೇ ಮುದುಕಿ, ಎರಡು ಊರು, ಎರಡಕ್ಕೂ ಆಣೆ. ನಿಮ್ಮ ಎರಡನೇ ಲೋಕವೂ ಹೀಗೆ ಕಟಕಟೆಯಿಂದಲೇ ಹುಟ್ಟಿಬರಲಿ.

ದೀಪದಕುಡಿ:
ಮೊದಲ ಅಧ್ಯಾಯದಲ್ಲೇ ಒಂದು ಲೆಕ್ಕ ತಪ್ಪಿಸಿಡಿ. ಹುಡುಗಿಯರ ಕೋಣೆಯಲ್ಲಿ ಒಂದೇ ರಾತ್ರಿಗೆ ಹನ್ನೊಂದು ರಾತ್ರಿಯ ಮೇಣದಬತ್ತಿ ಕರಗಿರಲಿ. ಮನೆಯೊಡತಿ ಕಳ್ಳತನವೆಂದು ಬೈಯಲಿ. ಓದುಗ ಅದನ್ನು ದಾಟಿಕೊಂಡು ಹೋಗುತ್ತಾನೆ, ಕೊನೆಯಲ್ಲಿ ಹಿಂದಕ್ಕೆ ಓಡಿಬರುತ್ತಾನೆ. ಹಾಂ, ಪೊಲೀಸ್ ಠಾಣೆ ಬರೆದಿದ್ದರೆ ಅಳಿಸಿ. ಲಂಡನ್ನಿಗೆ ಮೆಟ್ರೋಪಾಲಿಟನ್ ಪೊಲೀಸ್ ಬಂದದ್ದು 1829ರಲ್ಲಿ.

ಅರ್ಧಕಾದಂಬರಿ:
ಮೇಣದಬತ್ತಿಯನ್ನು ಕದಿಯುತ್ತಿದ್ದೇನೆ, ಕ್ಷಮಿಸಿ. ಕ್ಯಾನಿಂಗ್ ವಿಷಯ ಓದಿದ ಮೇಲೆ ಸುಮ್ಮನೆ ಎಣಿಸಿದೆ: ಮೊದಲ ನೂರು ಪುಟಗಳಲ್ಲಿ ನನ್ನ ಹುಡುಗಿಯರು ಬಾಯಿಬಿಡುವುದು ನಾಲ್ಕೇ ಸಲ. ಅದನ್ನು ಮೊದಲು ಸರಿಪಡಿಸಬೇಕು. ಠಾಣೆ ಮೂರನೇ ಅಧ್ಯಾಯದಲ್ಲಿತ್ತು. ಈಗಿಲ್ಲ.