ಅಡಿಕೆ ಕೆಲಸಕ್ಕೆ ಬಂದವರಿಗೆ ಸಂಜೆ ಕ್ಲಾಸ್: ಕನ್ನಡ ಮೊದಲಾ, ಇಂಗ್ಲಿಷ್ ಮೊದಲಾ?

ತೀರ್ಥಹಳ್ಳಿ ಟೀಚರ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಪ್ರೈಮರಿ ಶಾಲೆಯಲ್ಲಿ ಟೀಚರ್ ಆಗಿದ್ದು ರಿಟೈರ್ ಆದವಳು ನಾನು. ಊರು ತೀರ್ಥಹಳ್ಳಿ ತಾಲ್ಲೂಕು. ನಮ್ಮ ಸುತ್ತಮುತ್ತ ಈಗ ಅಸ್ಸಾಂ, ಜಾರ್ಖಂಡ್ ಕಡೆಯ ಕುಟುಂಬಗಳು ಜಾಸ್ತಿ. ಮೊದಲೆಲ್ಲ ಸುಗ್ಗಿಗೆ ಬಂದು ವಾಪಸ್ ಹೋಗುತ್ತಿದ್ದರು. ಈಗ ಮಳೆಗಾಲದಲ್ಲೂ ಇಲ್ಲೇ ಇರುತ್ತಾರೆ. ಕೆಲವರ ಮಕ್ಕಳು ಅಂಗನವಾಡಿಗೂ ಬರುತ್ತಿವೆ. ಅಡಿಕೆ ಸುಲಿಯೋದು, ಬೇಯಿಸೋದು, ಹರವೋದು, ತೋಟಕ್ಕೆ ಸೊಪ್ಪು ಹೊರೋದು ಎಲ್ಲ ಅವರೇ.

ಹೋದ ಸುಗ್ಗಿಯಲ್ಲಿ ಪಕ್ಕದ ಮನೆಯ ಅಂಗಳದಲ್ಲಿ ಸುಲಿತ ನಡೆಯುವಾಗ ಒಬ್ಬ ಹೆಂಗಸನ್ನು ಗಮನಿಸಿದೆ. ಡಬ್ಬ ತುಂಬಿ ರಾಶಿಗೆ ಸುರಿದು ಬಂದ ತಕ್ಷಣ ಗೋಡೆಯ ಮೇಲೆ ಇದ್ದಿಲಿನಿಂದ ಒಂದು ಗೆರೆ ಎಳೆಯುತ್ತಿದ್ದಳು. ಅದು ಅವಳ ಲೆಕ್ಕ. ಯಜಮಾನರ ಲೆಕ್ಕ ಅವರ ಪುಸ್ತಕದಲ್ಲಿ, ಕನ್ನಡದಲ್ಲಿ. ಬಟವಾಡೆ ದಿನ ಎರಡೂ ತಾಳೆಯಾದರೆ ಸರಿ. ಆಗದಿದ್ದರೆ ಕೇಳುವುದಕ್ಕೆ ಅವಳ ಹತ್ತಿರ ಮಾತೇ ಇಲ್ಲ. ಗೋಡೆ ಕಡೆ ಕೈ ತೋರಿಸಬೇಕು, ಅಷ್ಟೇ. ಆ ಮನೆಯವರು ಒಳ್ಳೆಯವರು, ಮೋಸ ಮಾಡುವವರಲ್ಲ. ಆದರೆ ಎಲ್ಲ ಅಂಗಳದಲ್ಲೂ ಹಾಗೇ ಇರುತ್ತೆ ಅಂತ ಹೇಳಲು ಬರುವುದಿಲ್ಲ ಅಲ್ವಾ?

ಅದೇ ಹೆಂಗಸಿಗೆ ಫೆಬ್ರವರಿಯಲ್ಲಿ ಜ್ವರ ಬಂತು. ಆಸ್ಪತ್ರೆಗೆ ಜೊತೆಯಲ್ಲಿ ಹೋಗಿದ್ದೆ. ಎಷ್ಟು ದಿನದಿಂದ ಜ್ವರ, ಕಾಡಿಗೆ ಹೋಗಿದ್ದೆಯಾ, ವಾಂತಿ ಇದೆಯಾ ಅಂತ ಕೇಳಿದರು. ಎಲ್ಲದಕ್ಕೂ "ಹ್ಞೂಂ" ಅಂದಳು. ಕಾಡಿನಲ್ಲಿ ಉಣುಗು ಅನ್ನೋ ಹುಳ ಕಚ್ಚಿ ಬರುವ ಮಂಗನ ಕಾಯಿಲೆಯ ಕಾಲದಲ್ಲಿ ಆ "ಹ್ಞೂಂ" ಎಷ್ಟು ಅಪಾಯದ್ದು ಅಂತ ನಮ್ಮ ಕಡೆಯವರಿಗೆ ಬೇರೆ ಹೇಳಬೇಕಿಲ್ಲ. ಪುಣ್ಯಕ್ಕೆ ಅವಳದು ಬೇರೆ ಜ್ವರ ಅಂತ ರಕ್ತ ಪರೀಕ್ಷೆಯಲ್ಲಿ ಗೊತ್ತಾಯಿತು.

ಹಾಗಾಗಿ ಒಂದು ಕ್ಲಾಸ್ ಶುರು ಮಾಡಬೇಕು ಅಂತ ತೀರ್ಮಾನ ಮಾಡಿದ್ದೇನೆ. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ, ಅಂದರೆ ಲೈಬ್ರರಿಯಲ್ಲಿ, ಜಾಗ ಕೊಡಲು ಒಪ್ಪಿದ್ದಾರೆ. ತೊಡಕು ಬಂದಿರುವುದು ಬೇರೆ ಕಡೆ. ನಾನು ಕನ್ನಡ ಅಂದೆ. ಅವರು, ಅದರಲ್ಲೂ ಹುಡುಗರು, "ಇಂಗ್ಲಿಷ್ ಸಿಖಾಯಿಯೇ ಮೇಡಂ" ಅಂತಾರೆ. ಇಂಗ್ಲಿಷ್ ಬಂದರೆ ಬೆಂಗಳೂರಿನಲ್ಲಿ ಸೆಕ್ಯೂರಿಟಿ ಕೆಲಸ, ಹೋಟೆಲ್ ಕೆಲಸ ಸಿಗುತ್ತೆ, ಮುಂದೆ ಗಲ್ಫಿಗೂ ಹೋಗಬಹುದು ಅನ್ನೋದು ಅವರ ಲೆಕ್ಕ. ಅವರ ಆಸೆಯನ್ನು ತಳ್ಳಿಹಾಕೋಕೆ ನನಗೆ ಮನಸ್ಸಿಲ್ಲ.

ಇಂಥ ಕ್ಲಾಸ್ ನಡೆಸಿದವರು, ಕಲಿತವರು ಇಲ್ಲಿ ಯಾರಾದರೂ ಇದ್ದೀರಾ? ಯಾವುದು ಮೊದಲು? ಯಾವ ಹೊತ್ತಿಗೆ ಇಟ್ಟರೆ ಹೆಂಗಸರೂ ಬರುತ್ತಾರೆ? ಪುಸ್ತಕ ಯಾವುದು?

---

ಸಾಗರದ ಹಳೇ ಕಾರ್ಯಕರ್ತ:

ಟೀಚರಿಗೆ ನಮಸ್ಕಾರ. ತೊಂಬತ್ತರ ದಶಕದ ಸಾಕ್ಷರತಾ ಆಂದೋಲನದಲ್ಲಿ ಸಾಗರ ತಾಲ್ಲೂಕಿನಲ್ಲಿ ರಾತ್ರಿ ಕ್ಲಾಸ್ ತೆಗೆದುಕೊಂಡವನು ನಾನು. 1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಬಂತು. 1990ರಲ್ಲಿ ಎರ್ನಾಕುಲಂ ಪೂರ್ಣ ಸಾಕ್ಷರ ಜಿಲ್ಲೆ ಅಂತ ಘೋಷಣೆಯಾದ ಮೇಲೆ ಎಲ್ಲ ಕಡೆ ಆ ಹುಮ್ಮಸ್ಸು ಹಬ್ಬಿತು. ಲಾಟೀನು ಹಿಡಿದುಕೊಂಡು ಕೇರಿ ಕೇರಿಗೆ ಹೋಗುತ್ತಿದ್ದೆವು. ಮೂರು ಪಾಠಪುಸ್ತಕ, ಸುಮಾರು 200 ಗಂಟೆಯ ಕಲಿಕೆ. ಅದು ಆಗಿನ ಲೆಕ್ಕಾಚಾರ.

ಒಂದು ಮಾತು ಮಾತ್ರ ಒತ್ತಿ ಹೇಳುತ್ತೇನೆ. ಆ ಪುಸ್ತಕಗಳನ್ನು ಈಗ ಹುಡುಕಿ ತರಬೇಡಿ. ನಮ್ಮ ಕ್ಲಾಸಿಗೆ ಬರುತ್ತಿದ್ದವರಿಗೆ ಮಾತು ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. "ಬಸವ" ಅಂತ ಬರೆದು ತೋರಿಸಿದರೆ ಆ ಪದ ಅವರ ಬಾಯಲ್ಲಿ ಆಗಲೇ ಇತ್ತು. ನಿಮ್ಮಲ್ಲಿಗೆ ಬರುವವರಿಗೆ ಮಾತೇ ಹೊಸದು. ಅವರ ಮುಂದೆ ಮೊದಲ ದಿನವೇ ಅ, ಆ, ಇ, ಈ ಬರೆದರೆ ಏನೂ ಹತ್ತುವುದಿಲ್ಲ. ಅವರಲ್ಲಿ ಕೆಲವರು ತಮ್ಮ ಊರಿನಲ್ಲಿ ಏಳೋ ಎಂಟೋ ಕ್ಲಾಸ್ ಓದಿರುತ್ತಾರೆ, ಬಂಗಾಳಿನೋ ಅಸ್ಸಾಮಿನೋ ಬರೆಯುತ್ತಾರೆ. ಅಂಥವರನ್ನು ಅನಕ್ಷರಸ್ಥರು ಅಂತ ಕೂರಿಸಿದರೆ ಅವಮಾನ ಮಾಡಿದ ಹಾಗೆ. ಮೊದಲು ಯಾರಿಗೆ ಯಾವ ಭಾಷೆ ಓದಲು ಬರುತ್ತೆ ಅಂತ ಕೇಳಿ. ಮೊದಲ ಎರಡು ಮೂರು ತಿಂಗಳು ಬರೀ ಮಾತು. ಅಕ್ಷರ ಆಮೇಲೆ.

ಕೇರಳದವರು ಈ ಕೆಲಸ ಆಗಲೇ ಮಾಡಿದ್ದಾರೆ. ಅಲ್ಲಿನ ಸಾಕ್ಷರತಾ ಮಿಷನ್ 2017ರಲ್ಲಿ ಪೆರುಂಬಾವೂರಿನಲ್ಲಿ "ಚಂಗಾತಿ" ಅಂತ ಶುರು ಮಾಡಿತು. ಪ್ಲೈವುಡ್ ಕಾರ್ಖಾನೆಗಳ ಹೊರರಾಜ್ಯದ ಕೆಲಸಗಾರರಿಗೆ ಮಲಯಾಳಂ ಕಲಿಸೋ ಯೋಜನೆ. ಅದಕ್ಕೆಂದೇ ಬೇರೆ ಪುಸ್ತಕ ಮಾಡಿಸಿದರು.

ಸರ್ಕಾರದ ಕಡೆಯಿಂದ ಈಗಿರುವುದು "ಉಲ್ಲಾಸ್" ಅನ್ನೋ ವಯಸ್ಕರ ಸಾಕ್ಷರತಾ ಯೋಜನೆ, 2022ರಿಂದ 2027ರ ತನಕ. 15 ವರ್ಷ ದಾಟಿದವರು ಸೇರಬಹುದು. ಕಲಿಸುವವರು ಸ್ವಯಂಸೇವಕರು, ಸಂಬಳ ಇಲ್ಲ. ಓದು, ಬರಹ, ಲೆಕ್ಕ ಮೂರಕ್ಕೂ ಸೇರಿ 150 ಅಂಕದ ಪರೀಕ್ಷೆ ಇರುತ್ತೆ, ಪಾಸಾದರೆ ಸರ್ಟಿಫಿಕೇಟ್ ಕೊಡುತ್ತಾರೆ. ನಿಮ್ಮವರಲ್ಲಿ ಶಾಲೆಯ ಮುಖವನ್ನೇ ನೋಡದವರನ್ನು ಮುಂದೆ ಅದಕ್ಕೆ ಸೇರಿಸಬಹುದು. ಬೇರೆ ನಾಡಿನವರಿಗೆ ಕನ್ನಡ ಕಲಿಸೋದಕ್ಕೆ ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಕಲಿಕಾ ಕೇಂದ್ರಗಳೂ ಇವೆ. ಒಂದು ಪತ್ರ ಬರೆದು ನೋಡಿ.

---

ಕೊಪ್ಪದವಳು, ಈಗ ಒಂಟಾರಿಯೋ:

ಮೇಡಂ, ನಾನು ಕೊಪ್ಪದವಳು. ಕೆನಡಾದಲ್ಲಿ ನಮ್ಮ ಅಮ್ಮ ಇಂಥದ್ದೇ ಕ್ಲಾಸಿಗೆ ಹೋಗುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ. ಇಲ್ಲಿ ಹೊಸದಾಗಿ ಬಂದು ನೆಲೆಸುವವರಿಗೆ "ಲಿಂಕ್" ಅಂತ ಇಂಗ್ಲಿಷ್ ಕ್ಲಾಸ್ ಇದೆ. 1992ರಿಂದ ನಡೆಯುತ್ತಿದೆ, ಪರ್ಮನೆಂಟ್ ರೆಸಿಡೆಂಟ್ ಆದವರಿಗೆ ಫೀಸಿಲ್ಲ.

ಸೇರುವ ಮೊದಲು ಎಷ್ಟು ಬರುತ್ತೆ ಅಂತ ಪರೀಕ್ಷೆ ಮಾಡಿ ಮಟ್ಟ ಗೊತ್ತು ಮಾಡುತ್ತಾರೆ. ಇಲ್ಲಿನ ಅಳತೆಯಲ್ಲಿ 12 ಮಟ್ಟ ಇವೆ. ಕೇಳೋದು, ಮಾತಾಡೋದು, ಓದೋದು, ಬರೆಯೋದು ನಾಲ್ಕಕ್ಕೂ ಬೇರೆ ಬೇರೆ ನೋಡುತ್ತಾರೆ. ಅಮ್ಮನ ಮಾತು ಒಂದನೇ ಮಟ್ಟದಲ್ಲಿತ್ತು, ಓದು ಸ್ವಲ್ಪ ಮೇಲಿತ್ತು. ಟೀಚರಿಗೆ ಕನ್ನಡ ಬರುವುದಿಲ್ಲ. ಕ್ಲಾಸಿನಲ್ಲಿ ಸಿರಿಯಾದವರು, ಚೀನಾದವರು, ಪಂಜಾಬಿನವರು ಎಲ್ಲ ಇದ್ದಾರೆ.

ಪಾಠ ಹೇಗೆ ಗೊತ್ತಾ? ಅಂಗಡಿಯ ರಿಯಾಯಿತಿ ಪಟ್ಟಿ ತಂದು ಮೇಜಿನ ಮೇಲೆ ಹಾಕುತ್ತಾರೆ. ಒಬ್ಬರು ಗಿರಾಕಿ, ಒಬ್ಬರು ಅಂಗಡಿಯವರು. ಡಾಕ್ಟರಿಗೆ ಫೋನ್ ಮಾಡಿ ದಿನ ಗೊತ್ತು ಮಾಡೋದು, ಮಗು ಶಾಲೆಗೆ ಬರಲ್ಲ ಅಂತ ಚೀಟಿ ಬರೆಯೋದು, ಬಾಡಿಗೆ ಮನೆ ಹೀಟರ್ ಕೆಟ್ಟಿದೆ ಅಂತ ಓನರಿಗೆ ಹೇಳೋದು. ಮಾಡಿದ್ದನ್ನೆಲ್ಲ ಒಂದು ಫೈಲಿಗೆ ಹಾಕಿಡುತ್ತಾರೆ, ಅದನ್ನು ನೋಡಿ ಮುಂದಿನ ಮಟ್ಟಕ್ಕೆ ಕಳಿಸುತ್ತಾರೆ. ಅಮ್ಮ ಆ ಫೈಲನ್ನು ದೇವರ ಗೂಡಿನ ಪಕ್ಕದಲ್ಲಿ ಇಟ್ಟುಕೊಂಡಿದ್ದಾರೆ. ಈಗ ಔಷಧಿ ಅಂಗಡಿಗೆ ಒಬ್ಬರೇ ಹೋಗಿ ಬಿಪಿ ಮಾತ್ರೆ ತರುತ್ತಾರೆ.

ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇಷ್ಟು. ಇಲ್ಲಿ ಇಂಗ್ಲಿಷ್ ಕಲಿಸುವುದು ಬಸ್ ಡ್ರೈವರ್, ಡಾಕ್ಟರ್, ಪಕ್ಕದ ಮನೆಯವರು ಇಂಗ್ಲಿಷ್ ಮಾತಾಡುತ್ತಾರೆ ಅಂತ. ತೀರ್ಥಹಳ್ಳಿಯಲ್ಲಿ ಆ ಜಾಗ ಕನ್ನಡದ್ದು. ಕಲಿತ ಮಾತನ್ನು ಅದೇ ಸಂಜೆ ಅಂಗಡಿಯಲ್ಲಿ ಆಡಿದರೆ ತಾನೇ ಉಳಿಯೋದು? ಆದರೆ ಹುಡುಗರಿಗೆ ಇಲ್ಲ ಅನ್ನಬೇಡಿ. ಫೋನು, ಎಟಿಎಂ, ಆಧಾರ್, ರೈಲು ಟಿಕೆಟ್ ಎಲ್ಲದರಲ್ಲೂ ಇಂಗ್ಲಿಷ್ ಅಕ್ಷರ ಇರುತ್ತೆ. ಅಷ್ಟನ್ನು ಓದುವ ಹಾಗೆ ಮಾಡಿ.

ಇನ್ನೊಂದು ವಿಷಯ. ಇಲ್ಲಿ ಎಷ್ಟೋ ಕೇಂದ್ರಗಳಲ್ಲಿ ಕ್ಲಾಸ್ ಮುಗಿಯುವ ತನಕ ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ ಇದೆ. ಅದಿಲ್ಲದಿದ್ದರೆ ಚಿಕ್ಕ ಮಕ್ಕಳ ತಾಯಂದಿರು ಬರುವುದೇ ಇಲ್ಲ.

---

ಕಳಸದ ತೋಟದ ರೈಟರ್:

ಕಳಸದ ಹತ್ತಿರ ಒಂದು ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದೇನೆ. ಕೆಲಸಗಾರರು ಇರುವ ನಮ್ಮ ಲೈನ್ ಮನೆಗಳಲ್ಲೂ ಈಗ ಅಸ್ಸಾಂನವರೇ ಜಾಸ್ತಿ.

ಟೀಚರೇ, ಮೊದಲು ಹೊತ್ತಿನ ವಿಷಯ. ನವೆಂಬರಿನಿಂದ ಜನವರಿ ತನಕ ನಿಮ್ಮಲ್ಲಿ ಅಡಿಕೆ ಗೊನೆ ಕೊಯ್ಲು, ಸುಲಿತ. ನಮ್ಮಲ್ಲಿ ಅರೇಬಿಕಾ, ಆಮೇಲೆ ರೋಬಸ್ಟಾ ಹಣ್ಣು ಕೊಯ್ಲು. ಆಗ ಕ್ಲಾಸ್ ಇಟ್ಟರೆ ಕಣ್ಣು ಬಿಡಲಾಗದವರನ್ನು ಕೂರಿಸಿದ ಹಾಗೆ. ಏಪ್ರಿಲಿನಲ್ಲಿ ಅವರಿಗೆ ಬಿಹು ಹಬ್ಬ, ತುಂಬ ಜನ ಊರಿಗೆ ಹೋಗುತ್ತಾರೆ. ಜೂನ್ ಜುಲೈ ಮಳೆಯಲ್ಲಿ ಸಂಜೆ ಕರೆಂಟೂ ಇಲ್ಲ, ಹಳ್ಳ ದಾಟಿ ಬರುವುದೂ ಕಷ್ಟ. ಉಳಿಯೋದು ಆಗಸ್ಟ್ ಕೊನೆಯಿಂದ ಅಕ್ಟೋಬರ್. ಆಗ ಗಟ್ಟಿಯಾಗಿ ಶುರು ಮಾಡಿ. ಸುಗ್ಗಿಯಲ್ಲಿ ನಿಲ್ಲಿಸಬೇಡಿ, ಚಿಕ್ಕದು ಮಾಡಿ. ಸುಲಿಯುವ ಅಂಗಳದಲ್ಲೇ ಕೂತು, ಕೈ ಕೆಲಸ ಮಾಡುತ್ತಿರುವಾಗಲೇ ಮಾತು ಕಲಿಸಬಹುದು. ಸುಲಿಯುವಾಗ ಹೇಗೂ ಬಾಯಿ ಖಾಲಿ ಇರುತ್ತೆ.

ಎರಡನೆಯದು, ಕೆಲವರಿಗೆ ಇಷ್ಟವಾಗದೇ ಇರಬಹುದು. "ಹಿಂದಿಯಲ್ಲಿ ಸುಧಾರಿಸುತ್ತಾರೆ ಬಿಡಿ, ತಾನೇ ಕಲಿಯುತ್ತಾರೆ" ಅಂತ ನಮ್ಮವರು ಅಂತಾರೆ. ಪೇಟೆಯ ಹೋಟೆಲಿನಲ್ಲಿ ಸಪ್ಲೈ ಮಾಡುವ ಹುಡುಗ ಆರು ತಿಂಗಳಿಗೆ ಕನ್ನಡ ಮಾತಾಡುತ್ತಾನೆ, ನಿಜ. ಅವನ ಕಿವಿಗೆ ದಿನಪೂರ್ತಿ ಕನ್ನಡ ಬೀಳುತ್ತೆ. ಲೈನಿನ ಹೆಂಗಸರಿಗೆ ಎಲ್ಲಿ ಬೀಳುತ್ತೆ? ಗುಂಪಿನಲ್ಲಿ ಕೆಲಸಕ್ಕೆ ಹೋಗುತ್ತಾರೆ, ಗುಂಪಿನಲ್ಲೇ ಬರುತ್ತಾರೆ. ಧಣಿಗಳ ಮಾತನ್ನು ಅವರ ಭಾಷೆಯಲ್ಲಿ ಹೇಳುವವನು ಮೇಸ್ತ್ರಿ, ದುಡ್ಡು ಕೊಡುವವನೂ ಅವನೇ. ಇವರು ಕನ್ನಡ ಕಲಿತು ನೇರವಾಗಿ ನನ್ನ ಹತ್ತಿರ ಬಂದು ಕೇಳಿದರೆ ಎಲ್ಲ ಮೇಸ್ತ್ರಿಗಳಿಗೂ ಖುಷಿಯಾಗುವುದಿಲ್ಲ. ಅವರನ್ನು ಮೊದಲೇ ಕರೆದು ಕೂರಿಸಿ ಮಾತಾಡಿ. ಇಲ್ಲದಿದ್ದರೆ ಎರಡನೇ ವಾರಕ್ಕೆ ಯಾರೂ ಇರುವುದಿಲ್ಲ.

ನಾನು ನಮ್ಮಲ್ಲಿ ಒಂದು ಬದಲಾವಣೆ ಮಾಡಿದೆ. ಪ್ರತಿಯೊಬ್ಬರಿಗೂ ಒಂದು ಚಿಕ್ಕ ಪುಸ್ತಕ ಕೊಟ್ಟಿದ್ದೇನೆ. ತಾರೀಕು, ಕೊಯ್ದ ಕೆಜಿ, ಮುಂಗಡ ಎಲ್ಲ 1, 2, 3 ಅಂಕಿಯಲ್ಲಿ. ಅಂಕಿ ಎಲ್ಲರಿಗೂ ಗೊತ್ತು, ಫೋನ್ ಇದೆಯಲ್ಲ. ತೂಕದ ಹೊತ್ತಿಗೆ ಅವರೇ ಬರೆದು ನನಗೆ ತೋರಿಸುತ್ತಾರೆ. ಜಗಳ ಕಡಿಮೆಯಾಗಿದೆ. ನಿಮ್ಮ ಮೊದಲ ಪಾಠ ಅದೇ ಆಗಲಿ.

---

ಆಶಾ ಕಾರ್ಯಕರ್ತೆ, ಸೊರಬ:

ಟೀಚರ್, ಒಂದೇ ಬೇಡಿಕೆ. ಜ್ವರದ ಪಾಠ ಮೊದಲ ವಾರವೇ ಮಾಡಿ.

ಮಂಗನ ಕಾಯಿಲೆ ಮೊದಲು ಪತ್ತೆಯಾಗಿದ್ದು 1957ರಲ್ಲಿ ನಮ್ಮದೇ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಇಷ್ಟು ವರ್ಷದಲ್ಲಿ ಇಲ್ಲಿನವರಿಗೆ ಅಭ್ಯಾಸವಾಗಿದೆ. ಮಂಗ ಸತ್ತಿದ್ದು ಕಂಡರೆ ಹೇಳುತ್ತಾರೆ, ಕಾಡಿಗೆ ಹೋಗುವ ಮುಂಚೆ ಉಣುಗು ಕಚ್ಚದ ಹಾಗೆ ಮೈಗೆ ಡೇಪಾ ಎಣ್ಣೆ ಹಚ್ಚಿಕೊಳ್ಳುತ್ತಾರೆ, ಬಂದ ಮೇಲೆ ಬಿಸಿನೀರಿನಲ್ಲಿ ಸ್ನಾನ ಮಾಡುತ್ತಾರೆ. ಹೊಸದಾಗಿ ಬಂದವರಿಗೆ ಇದ್ಯಾವುದೂ ಗೊತ್ತಿಲ್ಲ. ಆಟೋದಲ್ಲಿ ಮೈಕ್ ಕಟ್ಟಿಕೊಂಡು ಕನ್ನಡದಲ್ಲಿ ಕೂಗಿಕೊಂಡು ಹೋಗುತ್ತೇವೆ. ಅವರು ಅದೇ ಹೊತ್ತಿಗೆ ಬರಿಗಾಲಲ್ಲಿ ತರಗೆಲೆ ಗುಡಿಸುತ್ತಿರುತ್ತಾರೆ. ಎಣ್ಣೆ ಬಾಟ್ಲಿ ಕೊಟ್ಟರೆ ತಲೆಗೆ ಹಚ್ಚೋದಾ ಅಂತ ಒಬ್ಬಳು ಕೈಸನ್ನೆಯಲ್ಲಿ ಕೇಳಿದಳು. ಅವತ್ತು ನನಗೆ ತುಂಬ ಸಂಕಟವಾಯಿತು.

ಬೇಕಾದ ಮಾತು ಇಷ್ಟು: ಜ್ವರ ಬಂದಿದೆ. ಮೂರು ದಿನ ಆಯ್ತು. ತಲೆ ನೋಯುತ್ತೆ, ಸೊಂಟ ನೋಯುತ್ತೆ. ಕಾಡಿಗೆ ಹೋಗಿದ್ದೆ. ಉಣುಗು ಕಚ್ಚಿದೆ. ಅಲ್ಲಿ ಮಂಗ ಸತ್ತಿದೆ. ಜೊತೆಗೆ "ಇಲ್ಲ", "ಗೊತ್ತಿಲ್ಲ", "ಅರ್ಥ ಆಗಲಿಲ್ಲ" ಅನ್ನೋದನ್ನು ಧೈರ್ಯವಾಗಿ ಹೇಳಲು ಕಲಿಸಿ. 108ಕ್ಕೆ ಫೋನ್ ಮಾಡಿ ಊರಿನ ಹೆಸರು ಹೇಳುವುದನ್ನೂ ಅಭ್ಯಾಸ ಮಾಡಿಸಿ. ಬೇಕಾದರೆ ನಿಮ್ಮ ಕಡೆಯ ಆಶಾ ಅಕ್ಕನ ಹತ್ತಿರ ನಾನೇ ಮಾತಾಡುತ್ತೇನೆ.

---

ತೀರ್ಥಹಳ್ಳಿ ಟೀಚರ್:

ಎಲ್ಲರಿಗೂ ಮನಸಾರೆ ಥ್ಯಾಂಕ್ಸ್. ಓದಿ, ಮನೆಯವರ ಹತ್ತಿರವೂ ಮಾತಾಡಿ, ಹೀಗೆ ಮಾಡೋಣ ಅಂತ ಅಂದುಕೊಂಡಿದ್ದೇನೆ. ಆಗಸ್ಟ್ ಕೊನೆಗೆ ಶುರು. ಕನ್ನಡ ಮಾತು ಮೊದಲು. ಪಾಠ ಅಂದರೆ ಸುಲಿತದ ಡಬ್ಬ ಲೆಕ್ಕ, ಬಟವಾಡೆ, ಜ್ವರ, ಬಸ್ಸು, ಅಂಗನವಾಡಿ. ಕೊನೆಯ ಹದಿನೈದು ನಿಮಿಷ ಇಂಗ್ಲಿಷ್ ಅಕ್ಷರ, ಅವರದೇ ಫೋನ್ ಮತ್ತು ಆಧಾರ್ ಕಾರ್ಡ್ ಇಟ್ಟುಕೊಂಡು. ಹುಡುಗರಿಗೆ ಇದನ್ನು ಹೇಳಿದೆ, ಒಪ್ಪಿದರು. ಕನ್ನಡ ಅಕ್ಷರ ಸುಗ್ಗಿ ಮುಗಿದ ಮೇಲೆ.

ಮಕ್ಕಳನ್ನು ನೋಡಿಕೊಳ್ಳಲು ನನ್ನ ಹಳೆಯ ವಿದ್ಯಾರ್ಥಿನಿ ಒಬ್ಬಳು ಬರುತ್ತೇನೆ ಅಂದಿದ್ದಾಳೆ, ಈಗ ಕಾಲೇಜಿನಲ್ಲಿ ಓದುತ್ತಿದ್ದಾಳೆ. ಮೇಸ್ತ್ರಿಯನ್ನು ಈ ಭಾನುವಾರ ಮನೆಗೆ ಕಾಫಿಗೆ ಕರೆದಿದ್ದೇನೆ. ರೈಟರ್ ಅಣ್ಣ, ನಿಮ್ಮ ಚಿಕ್ಕ ಪುಸ್ತಕದ ಒಂದು ಹಾಳೆಯ ಫೋಟೋ ಇಲ್ಲಿ ಹಾಕ್ತೀರಾ? ಅದೇ ಮಾದರಿಯಲ್ಲಿ ಪ್ರಿಂಟ್ ಮಾಡಿಸಿ ಸುತ್ತಲಿನ ತೋಟದವರಿಗೂ ಕೊಡೋಣ ಅಂತಿದ್ದೇನೆ. ಡಬ್ಬಕ್ಕೆ ಒಂದು ಕಲಂ, ಮುಂಗಡಕ್ಕೆ ಒಂದು ಕಲಂ, ಎರಡೂ ಕಡೆಯವರ ಸಹಿಗೆ ಜಾಗ.

ಶಿವಮೊಗ್ಗದಲ್ಲಿ ಸಾದ್ರಿ (ಜಾರ್ಖಂಡ್ ಕಡೆಯ ಭಾಷೆ) ಅಥವಾ ಅಸ್ಸಾಮಿ ಬರುವವರು, ನರ್ಸಿಂಗ್ ಕಾಲೇಜಿನ ಮಕ್ಕಳಾದರೂ ಸರಿ, ಯಾರಾದರೂ ಇದ್ದರೆ ತಿಳಿಸಿ. ಮೊದಲ ಎರಡು ಭಾನುವಾರ ಜೊತೆಯಲ್ಲಿ ಕೂತರೆ ಸಾಕು. ಬಸ್ ಚಾರ್ಜು, ಮಧ್ಯಾಹ್ನದ ಊಟ ನಮ್ಮ ಮನೆಯದು.