‘ಶಂಟ್’ ಸುರುಳಿಗೆ ‘ಸಮಾಂತರ’ ಎನ್ನಬಹುದೇ?

ಮಾನ್ಯರೇ,

ಹಳೆಯ ಪೆಟ್ರೋಲ್ ಕಾರೊಂದನ್ನು ಬ್ಯಾಟರಿಯಿಂದ ಓಡುವಂತೆ ಮಾರ್ಪಡಿಸುತ್ತಿರುವ ಸ್ನೇಹಿತರ ಗ್ಯಾರೇಜಿಗಾಗಿ ನಾನು ಮೋಟಾರಿನ ವೈರಿಂಗ್ ಕುರಿತು ಕನ್ನಡದಲ್ಲಿ ಒಂದು ಟಿಪ್ಪಣಿ ಬರೆಯುತ್ತಿದ್ದೇನೆ. ಅಲ್ಲಿ ಕೆಲಸ ಮಾಡುವ ಇಬ್ಬರು ಹುಡುಗರೂ ಕನ್ನಡ ಮಾಧ್ಯಮದಲ್ಲಿ ಓದಿ ಐಟಿಐ ಮುಗಿಸಿದವರು, ಟಿಪ್ಪಣಿ ಅವರಿಗಾಗಿ. ಅದರಲ್ಲಿ ‘ಶಂಟ್’ (ಮೋಟಾರಿನ ತಿರುಗುವ ಸುರುಳಿಗೆ ಸಮಾಂತರವಾಗಿ ಜೋಡಿಸಿದ ಕಾಂತದ ಸುರುಳಿ) ಎಂಬುದಕ್ಕೆ ಯಾವ ಪದವನ್ನು ಬಳಸಬೇಕೆಂಬುದು ನನ್ನ ಪ್ರಶ್ನೆ. ಇದು ಬರಿಯ ಪದದ ಪ್ರಶ್ನೆಯಾಗಿ ಉಳಿಯಲಿಲ್ಲವಾದ್ದರಿಂದ ನಡೆದುದನ್ನು ವಿವರವಾಗಿ ಹೇಳುತ್ತೇನೆ.

ಫೋರ್ಕ್‌ಲಿಫ್ಟಿನಿಂದ ಬಿಚ್ಚಿ ತಂದ ಆ ಡಿಸಿ ಮೋಟಾರಿನ ನಾಮಫಲಕ ಕಳಚಿಹೋಗಿತ್ತು. ಗ್ರೀಸು ಒರೆಸಿದ ಮೇಲೆ ನಾಲ್ಕು ದಪ್ಪ ಬೋಲ್ಟುಗಳ ಪಕ್ಕದಲ್ಲಿ ಎ1, ಎ2, ಎಸ್1, ಎಸ್2 ಎಂಬ ಗುರುತುಗಳು ಕಂಡವು. ಒಂದಂತೂ ಅರ್ಧ ಸವೆದಿತ್ತು. ಕಾರ್ಬನ್‌ಗಳನ್ನು (ಬ್ರಷ್‌ಗಳನ್ನು) ಎತ್ತಿ, ಅವಕ್ಕೂ ಅವು ಒತ್ತಿಕೊಳ್ಳುವ ತಿರುಗುವ ತಾಮ್ರದ ಉರುಳೆಯಾದ ಕಮ್ಯುಟೇಟರಿಗೂ ನಡುವೆ ಕಾಗದ ಸಿಕ್ಕಿಸಿದಾಗ ಯಾವ ಜೋಡಿಯಲ್ಲಿ ಮೀಟರಿನ ಸದ್ದು ನಿಲ್ಲುತ್ತದೆಯೋ ಅದು ಆರ್ಮೇಚರ್ (ತಿರುಗುವ ಸುರುಳಿ), ನಿಲ್ಲದೆ ಉಳಿದದ್ದು ಫೀಲ್ಡ್ (ಕಾಂತಕ್ಷೇತ್ರ ಹುಟ್ಟಿಸುವ, ತಿರುಗದ ಸುರುಳಿ) ಎಂದು ಖಚಿತಪಡಿಸಿಕೊಂಡೆವು. ಫೀಲ್ಡ್ ಸುರುಳಿಯ ರೋಧವನ್ನು ಸಾಧಾರಣ ಮೀಟರು ಸೊನ್ನೆಯೆಂದೇ ತೋರಿಸುವುದರಿಂದ, 12 ವೋಲ್ಟ್ ಬ್ಯಾಟರಿಯಿಂದ ಹೆಡ್‌ಲೈಟ್ ಬಲ್ಬಿನ ಮೂಲಕ ಸುಮಾರು 5 ಆಂಪಿಯರ್ ಹರಿಸಿ ಎರಡು ತುದಿಗಳ ನಡುವೆ ಅಳೆದಾಗ 25 ಮಿಲಿವೋಲ್ಟ್ ಬಂತು, ಎಂದರೆ ರೋಧ 5 ಮಿಲಿಓಮ್. ದಪ್ಪ ತಾಮ್ರದ ಪಟ್ಟಿಯ ಕೆಲವೇ ಸುತ್ತುಗಳ ಸುರುಳಿಗೆ ಮಾತ್ರ ಇಷ್ಟು ಕಡಿಮೆ ರೋಧವಿರುತ್ತದೆ. ಹಾಗಾಗಿ ಇದು ಸೀರೀಸ್ ಮೋಟಾರು, ಎಂದರೆ ಫೀಲ್ಡ್ ಮತ್ತು ಆರ್ಮೇಚರ್ ಒಂದರ ಹಿಂದೊಂದು ಕೂಡುವ ಮೋಟಾರು.

ಶಾಲೆಯ ವಿಜ್ಞಾನ ಪುಸ್ತಕಗಳಲ್ಲಿ ‘ಸರಣಿ ಜೋಡಣೆ’, ‘ಸಮಾಂತರ ಜೋಡಣೆ’ ಎಂಬ ಪದಗಳು ನೆಲೆಯಾಗಿವೆ. ಅದರಂತೆ ನಾನು ಸೀರೀಸ್ ಮೋಟಾರಿಗೆ ‘ಸರಣಿ ಮೋಟಾರು’ ಎಂದೂ ಶಂಟ್ ಮೋಟಾರಿಗೆ ‘ಸಮಾಂತರ ಮೋಟಾರು’ ಎಂದೂ ಬರೆದೆ. ಮುಂದಿನ ಪುಟದಲ್ಲಿ, ಈ ಮೋಟಾರಿನ ನಾಲ್ಕು ಧ್ರುವಗಳ ಸುರುಳಿಗಳು ಒಳಗೇ ಎರಡೆರಡಾಗಿ ಕೂಡಿರುವುದನ್ನು ತಿಳಿಸಲು ‘ಫೀಲ್ಡ್ ಸುರುಳಿಗಳು ಸಮಾಂತರ ಜೋಡಣೆಯಲ್ಲಿವೆ’ ಎಂದೂ ಬರೆದೆ. ಅದನ್ನು ಓದಿದ ಹುಡುಗ ಎ1ಕ್ಕೆ ಎಸ್1ನ್ನೂ ಎ2ಕ್ಕೆ ಎಸ್2ನ್ನೂ ತಾಮ್ರದ ಪಟ್ಟಿಯಿಂದ ಕೂಡಿಸಿ ಬಿಗಿದಿದ್ದ. ಇರಬೇಕಾದದ್ದು ಎ2ರಿಂದ ಎಸ್1ಕ್ಕೆ ಒಂದೇ ಪಟ್ಟಿ; ಬ್ಯಾಟರಿಯ ತಂತಿಗಳು ಬರಬೇಕಾದದ್ದು ಎ1 ಮತ್ತು ಎಸ್2ಕ್ಕೆ. ಆತ ಬಿಗಿದಂತೆ ಬ್ಯಾಟರಿ ಕೊಟ್ಟಿದ್ದರೆ ಆ 5 ಮಿಲಿಓಮ್ ಸುರುಳಿ ನೇರವಾಗಿ 12 ವೋಲ್ಟಿಗೆ ಸಿಕ್ಕುತ್ತಿತ್ತು: ಲೆಕ್ಕಕ್ಕೆ 2400 ಆಂಪಿಯರ್, ಕಾರ್ಯತಃ ಶಾರ್ಟ್ ಸರ್ಕ್ಯೂಟ್. ಬ್ಯಾಟರಿಯ ಕ್ಲಿಪ್ಪು ಹಾಕುವ ಮೊದಲು ಕಣ್ಣಿಗೆ ಬಿತ್ತು. ನನ್ನ ವಾಕ್ಯವನ್ನು ಆತ ಓದಿಕೊಂಡ ರೀತಿಯಲ್ಲಿ ದೋಷವೇನೂ ಇರಲಿಲ್ಲ.

ಆದ್ದರಿಂದ ಜೋಡಣೆಯ ರೀತಿಯನ್ನು ಹೇಳುವ ‘ಸಮಾಂತರ’ವನ್ನೇ ಮೋಟಾರಿನ ಜಾತಿಯನ್ನು ಹೇಳಲೂ ಬಳಸಬಾರದೆಂದು ನನಗೆ ಈಗ ಅನ್ನಿಸಿದೆ. ಅಂತಾರಾಷ್ಟ್ರೀಯ ಗುರುತಿನ ಪದ್ಧತಿಯಲ್ಲಿ ಸೀರೀಸ್ ಸುರುಳಿಗೆ ಡಿ1–ಡಿ2, ಶಂಟ್ ಸುರುಳಿಗೆ ಇ1–ಇ2, ಬೇರೆಯೇ ಮೂಲದಿಂದ ವಿದ್ಯುತ್ ಪಡೆಯುವ ಸುರುಳಿಗೆ ಎಫ್1–ಎಫ್2 ಎಂದು ಮೂರು ಅಕ್ಷರಗಳನ್ನು ಪ್ರತ್ಯೇಕವಾಗಿಯೇ ಇಟ್ಟಿದ್ದಾರೆ. ನಮ್ಮ ಮೋಟಾರಿನ ‘ಎಸ್’ ಅಮೆರಿಕದ ಪದ್ಧತಿಯದು. ಅಲ್ಲಿ ‘ಎಫ್’ ಎಂದರೆ ಶಂಟ್. ಅಕ್ಷರ ಒಂದೇ ಇದ್ದು ಅರ್ಥ ಎರಡಾಗುವ ಇಂಥ ಕಡೆ ಕನ್ನಡದ ಪದವಾದರೂ ಸ್ಪಷ್ಟವಾಗಿರಬೇಕು.

ಇಂಗ್ಲಿಷಿನಲ್ಲಿ ‘ಶಂಟ್’ ಎಂದರೆ ಬದಿಗೆ ಸರಿಸು, ಬೇರೆ ದಾರಿಗೆ ತಿರುಗಿಸು ಎಂದರ್ಥ. ರೈಲ್ವೆಯವರ ಶಂಟಿಂಗ್ ಕೂಡ ಇದೇ. ಆ ಮೂಲದಿಂದ ಹೊರಟರೆ ‘ಕವಲು ಸುರುಳಿ’, ‘ಕವಲು ಮೋಟಾರು’ ಎನ್ನಬಹುದೆಂದು ನನ್ನ ಸಲಹೆ. ದೊಡ್ಡ ಕಾಲುವೆಯಿಂದ ಸ್ವಲ್ಪವೇ ನೀರು ಕವಲೊಡೆದು ಹೋಗುವಂತೆ, ಶಂಟ್ ಸುರುಳಿಯ ತೆಳುವಾದ, ಅನೇಕ ಸುತ್ತುಗಳ ತಂತಿಯಲ್ಲಿ ಒಟ್ಟು ವಿದ್ಯುತ್ತಿನ ಸಣ್ಣ ಪಾಲು ಮಾತ್ರ ಹರಿಯುತ್ತದೆ. ಆದರೆ ‘ಕವಲು’ ಎಂದಾಗ ಸಮಪಾಲಾಗಿ ಒಡೆದ ಎರಡು ಹೊಳೆಗಳ ಚಿತ್ರ ಓದುಗರ ಮನಸ್ಸಿಗೆ ಬರುತ್ತದೆಯೇ? ಬಲ್ಲವರು ತಿಳಿಸಬೇಕು.

ಮೂರನೆಯ ಜಾತಿಗೆ, ಎಂದರೆ ಫೀಲ್ಡಿಗೆ ಬೇರೆಯೇ ಮೂಲದಿಂದ ವಿದ್ಯುತ್ ಪಡೆಯುವ ಮೋಟಾರಿಗೆ, ‘ಪ್ರತ್ಯೇಕ ಉದ್ರೇಕಿತ’ ಎಂಬ ಅನುವಾದ ನನಗೆ ಒಪ್ಪಿಗೆಯಾಗಲಿಲ್ಲ. ಉದ್ರೇಕವೆಂಬುದು ಮನುಷ್ಯರ ಮನಸ್ಸಿಗೆ ಸೇರಿದ ಮಾತು; ಕಬ್ಬಿಣದ ಧ್ರುವಕ್ಕೆ ಅದು ಹೊಂದುವುದಿಲ್ಲ. 2001ರಲ್ಲಿ ಬೆಂಗಳೂರಿನಿಂದ ಮಾರುಕಟ್ಟೆಗೆ ಬಂದ ರೇವಾ ಕಾರಿನ ಮೊದಲ ಮಾದರಿಯಲ್ಲಿ ಇದ್ದದ್ದು ಇದೇ ಜಾತಿಯ ಮೋಟಾರು. ‘ಬಿಡಿ ಫೀಲ್ಡ್ ಮೋಟಾರು’ ಎಂದರೆ ಕೆಲಸಗಾರರಿಗೆ ಕೂಡಲೇ ತಿಳಿಯುತ್ತದೆ, ನಾನು ಅದನ್ನೇ ಉಳಿಸಿಕೊಂಡಿದ್ದೇನೆ. ಆರ್ಮೇಚರ್, ಕಮ್ಯುಟೇಟರ್, ಕಾರ್ಬನ್‌ಗಳನ್ನು ಇದ್ದಂತೆಯೇ ಬಿಟ್ಟಿದ್ದೇನೆ. ಪಠ್ಯದ ‘ಕುಂಚ’ವನ್ನು ಗ್ಯಾರೇಜಿನಲ್ಲಿ ಯಾರೂ ಆಡುವುದಿಲ್ಲ.

ಕೊನೆಯದಾಗಿ ಒಂದು ವಿಚಾರಣೆ. ಆಲ್ಟರ್ನೇಟರ್ ಬರುವ ಮುಂಚಿನ ಕಾರು, ಲಾರಿಗಳ ಡೈನಮೋದಲ್ಲಿ ತೆಳು ತಂತಿಯ ಶಂಟ್ ಸುರುಳಿಯೂ ಸೆಲ್ಫ್ ಮೋಟಾರಿನಲ್ಲಿ ದಪ್ಪ ಪಟ್ಟಿಯ ಸೀರೀಸ್ ಸುರುಳಿಯೂ ಇರುತ್ತಿದ್ದವು. ಇವೆರಡನ್ನೂ ಬಿಚ್ಚಿ ಸುತ್ತಿದ ಹಿರಿಯ ಆಟೋ ಎಲೆಕ್ಟ್ರಿಷಿಯನ್ನರು ಎರಡಕ್ಕೂ ‘ಫೀಲ್ಡ್ ಕಾಯಿಲ್’ ಎಂದೇ ಹೇಳುತ್ತಿದ್ದರೇ, ಅಥವಾ ಬೇರ್ಪಡಿಸಿ ಹೇಳಲು ಅವರಲ್ಲಿ ಎರಡು ಮಾತುಗಳಿದ್ದವೇ? ಕೇಳಿದವರು ಯಾರಾದರೂ ಇದ್ದರೆ ಆ ಮಾತನ್ನು, ಯಾವ ಊರಿನದೆಂಬುದರ ಸಮೇತ, ಬರೆಯಬೇಕೆಂದು ಕೋರುತ್ತೇನೆ.