ರ‍್ಯಾಕ್ ಸಿಂಥ್ ಬಿಟ್ಟು ಪ್ಲಗಿನ್ ನಂಬಿ ಸ್ಟೇಜ್ ಹತ್ತಬಹುದಾ?

ಶಿವಮೊಗ್ಗ ಕೀಸ್
ನಮಸ್ಕಾರ ಎಲ್ಲರಿಗೂ. ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತೇನೆ. ಗಣಪತಿ, ಜಾತ್ರೆ, ರಿಸೆಪ್ಷನ್, ಎಲ್ಲ ನಮ್ಮ ಸುತ್ತಲಿನ ಊರುಗಳಲ್ಲೇ. ತುಂಬಾ ವರ್ಷದಿಂದ ಕೀಬೋರ್ಡಿನಿಂದ ಮಿಡಿ ಕೇಬಲ್ ಎಳೆದು, ಕೀ ಇಲ್ಲದ, ಸೌಂಡ್ ಮಾತ್ರ ಕೊಡುವ ಪೆಟ್ಟಿಗೆಯಾದ ಒಂದು ಹಳೇ ರ‍್ಯಾಕ್ ಸಿಂಥ್ ಬಳಸುತ್ತಿದ್ದೇನೆ. ಈಗ ಅದರ ಡಿಸ್‌ಪ್ಲೇ ಮಂಕಾಗಿ ಪ್ಯಾಚ್ (ಒಂದೊಂದು ಸೌಂಡ್) ಹೆಸರೇ ಕಾಣುವುದಿಲ್ಲ. ಹೋದ ಮಳೆಗಾಲದಲ್ಲಿ ಒಳಗಿನ ಬ್ಯಾಟರಿ ಸತ್ತು, ನಾನು ಕೂತು ತಿದ್ದಿಕೊಂಡಿದ್ದ ಸೌಂಡೆಲ್ಲ ಅಳಿಸಿಹೋಯಿತು. ಪುಣ್ಯಕ್ಕೆ ಸಿಸೆಕ್ಸ್ ಡಂಪ್ (ಸಿಂಥ್ ಸೌಂಡ್‌ಗಳ ಬ್ಯಾಕಪ್) ತೆಗೆದಿಟ್ಟಿದ್ದೆ, ವಾಪಸ್ ಬಂತು.

ಒಂದು ಮಿನಿ ಪಿಸಿಯನ್ನು ಪೆಟ್ಟಿಗೆಯಲ್ಲಿ ಕೂರಿಸಿ, ಪ್ಲಗಿನ್ (ಕಂಪ್ಯೂಟರ್‌ನಲ್ಲೇ ವಾದ್ಯದ ಸೌಂಡ್ ಕೊಡುವ ಸಾಫ್ಟ್‌ವೇರ್) ಹಾಕಿ, ಸ್ಕ್ರೀನ್ ಇಲ್ಲದೆ ಮಾಡ್ಯೂಲ್ ತರಹ ಬಳಸುವ ಯೋಚನೆ ಇದೆ. ಹಾಡಿನ ಮಧ್ಯೆ ನಿಂತುಹೋದರೆ ಅನ್ನುವ ಭಯ ಬಿಡುತ್ತಿಲ್ಲ. ಯಾರಾದರೂ ಮಾಡಿದ್ದೀರಾ?

ಸಾಗರದವನು
ಮಾಡಿದ್ದೇನೆ ಸರ್. ಸೌಂಡ್ ಬಗ್ಗೆ ಚಿಂತೆ ಬೇಡ, ಚಿಂತೆ ಮಾಡಬೇಕಾದ್ದು ಕರೆಂಟ್ ಬಗ್ಗೆ. ನಾನೂ ಮೊದಲು ಮಿನಿ ಪಿಸಿಯನ್ನೇ ತಗೊಂಡಿದ್ದೆ. ಒಂದು ಜಾತ್ರೆಯಲ್ಲಿ ಪಲ್ಲವಿ ಮುಗಿಯುವಷ್ಟರಲ್ಲಿ ಕರೆಂಟ್ ಹೋಯಿತು, ಜನರೇಟರ್ ಬಂತು, ಮಿಕ್ಸರ್ ಬಂತು, ರಿದಂ ಪ್ಯಾಡ್ ಕೂಡ ಬಂತು, ನನ್ನ ವಿಂಡೋಸ್ ಮಾತ್ರ ಇನ್ನೂ ಏಳುತ್ತಲೇ ಇತ್ತು. ಹಾಡುವವರು ಪಾಪ ಜನರ ಹತ್ತಿರ ಚಪ್ಪಾಳೆ ಹೊಡೆಸುತ್ತಾ ನಿಂತರು. ರ‍್ಯಾಕ್ ಆಗಿದ್ದರೆ ಕೆಲವೇ ಸೆಕೆಂಡಿನಲ್ಲಿ ತಯಾರಾಗುತ್ತಿತ್ತು ಅಲ್ವಾ?

ಆಮೇಲೆ ಲ್ಯಾಪ್‌ಟಾಪ್‌ಗೆ ಬಂದೆ. ಅದರ ಬ್ಯಾಟರಿಯೇ ಯುಪಿಎಸ್. ಆಡಿಯೋ ಇಂಟರ್‌ಫೇಸ್ (ಲ್ಯಾಪ್‌ಟಾಪ್ ಸೌಂಡನ್ನು ಮಿಕ್ಸರ್‌ಗೆ ಕೊಡುವ ಪೆಟ್ಟಿಗೆ) ಕೂಡ ಯುಎಸ್‌ಬಿಯಿಂದಲೇ ಓಡುವಂಥದ್ದು ತಗೊಳ್ಳಿ, ಇಲ್ಲದಿದ್ದರೆ ಲ್ಯಾಪ್‌ಟಾಪ್ ಬದುಕಿದ್ದೂ ಪ್ರಯೋಜನ ಇಲ್ಲ. ಅಡಾಪ್ಟರ್ ಹಾಕಿದಾಗ ಗುಂಯ್ ಅಂದರೆ ಮಿಕ್ಸರ್‌ಗೆ ಹೋಗುವ ದಾರಿಯಲ್ಲಿ ಗ್ರೌಂಡ್ ಲಿಫ್ಟ್ (ಆ ಗುಂಯ್ ಸದ್ದು ಕಡಿಯುವ ಸ್ವಿಚ್) ಇರುವ ಡಿಐ ಬಾಕ್ಸ್ ಹಾಕಿ.

ತೀರ್ಥಹಳ್ಳಿಯಿಂದ
ಸಾಗರದವರು ಹೇಳಿದ್ದು ಸರಿ. ಲೇಟೆನ್ಸಿಗೆ (ಕೀ ಒತ್ತಿದ ಮೇಲೆ ಸೌಂಡ್ ಬರುವ ತಡಕ್ಕೆ) ಜನ ಸುಮ್ನೆ ಹೆದರುತ್ತಾರೆ. 48 ಕಿಲೋಹರ್ಟ್ಸ್‌ನಲ್ಲಿ 128 ಸ್ಯಾಂಪಲ್ ಬಫರ್ (ಕಂಪ್ಯೂಟರ್ ಒಮ್ಮೆಗೆ ತಯಾರಿಸುವ ಸೌಂಡ್ ತುಣುಕು) ಅಂದರೆ 2.7 ಮಿಲಿಸೆಕೆಂಡ್, ಮಾನಿಟರ್‌ನಿಂದ ಒಂದು ಮೀಟರ್ ದೂರ ನಿಂತರೆ ಗಾಳಿಯಲ್ಲೇ ಅಷ್ಟು ತಡವಾಗುತ್ತದೆ. ವೈಫೈ ಆಫ್ ಮಾಡಿ, ಅಪ್‌ಡೇಟ್ ನಿಲ್ಲಿಸಿ, ಯುಎಸ್‌ಬಿ ಪವರ್ ಸೇವಿಂಗ್ ತೆಗೆಯಿರಿ. ಆಗುಂಬೆ ಕಡೆ ನೆಟ್‌ವರ್ಕ್ ಸಿಗುವುದು ಕಷ್ಟ, ಅದಕ್ಕೆ ಲೈಸೆನ್ಸ್ ಕೇಳುವ ಪ್ಲಗಿನ್‌ಗಳನ್ನು ಮನೆಯಲ್ಲೇ ನೆಟ್ ಇಲ್ಲದೆ ತೆರೆದು ನೋಡಿ.

ನಿಮ್ಮ ಸಿಂಥ್ ಯಾವುದು ಅಂತ ಬರೆದಿಲ್ಲ. 1994ರ ರೋಲ್ಯಾಂಡ್ ಜೆವಿ-1080 ಆದರೆ ಅದೇ ಕಂಪನಿಯ ಪ್ಲಗಿನ್ ಇದೆ. ಬೇರೆಯಾದರೆ ನಿಮ್ಮ ಸ್ವಂತ ಪ್ಯಾಚ್‌ಗಳನ್ನು ಮೂರು ಸ್ವರಕ್ಕೊಂದರಂತೆ, ಮೆಲ್ಲಗೆ ಒಮ್ಮೆ ಜೋರಾಗಿ ಒಮ್ಮೆ ರೆಕಾರ್ಡ್ ಮಾಡಿ ಎಸ್‌ಎಫ್‌ಝೆಡ್ (ರೆಕಾರ್ಡ್ ಮಾಡಿದ ಸ್ವರಗಳನ್ನು ಕೀಗಳಿಗೆ ಜೋಡಿಸುವ ಫೈಲ್) ಮಾಡಿ. ಸ್ಫಿಝ್ ಅನ್ನುವ ಉಚಿತ ಪ್ಲಗಿನ್‌ನಲ್ಲಿ ಓಡುತ್ತದೆ. ಪ್ಯಾಡ್, ಸ್ಟ್ರಿಂಗ್ಸ್ ಚೆನ್ನಾಗಿ ಬರುತ್ತವೆ. ಕೀಬೋರ್ಡ್ ಎಡಗಡೆಯ ಚಕ್ರವಾದ ಮಾಡ್ ವೀಲ್‌ನಲ್ಲಿ ಫಿಲ್ಟರ್ ತೆರೆಯುವಂಥ ಸೌಂಡ್‌ನ ಜೀವ ಮಾತ್ರ ಹೋಗುತ್ತದೆ, ಅದನ್ನು ಹೊಸದಾಗಿ ಕಟ್ಟಬೇಕು.

ಹೊಸನಗರ
ನನ್ನ ಮಾತು ಬೇರೆ. ಬ್ಯಾಟರಿ, ಡಿಸ್‌ಪ್ಲೇ ಎರಡೂ ಬದಲಾಯಿಸಲು ಬರುತ್ತದೆ, ಮಾರಬೇಡಿ ಮಾರಾಯ್ರೇ. ಪೆಟ್ಟಿಗೆಯೇ ಬೇಕೆಂದರೆ ರಾಸ್ಪ್‌ಬೆರಿ ಪೈ (ಒಂದು ಪುಟ್ಟ ಕಂಪ್ಯೂಟರ್) ಮೇಲೆ ಓಡುವ ಝಿಂಥಿಯನ್ ಅನ್ನುವ ಸಿಂಥ್ ಸಾಫ್ಟ್‌ವೇರ್ ನೋಡಿ. ವಿಂಡೋಸ್ ಪ್ಲಗಿನ್ ಓಡುವುದಿಲ್ಲ, ಸೌಂಡ್‌ಫಾಂಟ್, ಎಸ್‌ಎಫ್‌ಝೆಡ್ ಥರದ ಸೌಂಡ್ ಫೈಲ್‌ಗಳು ಓಡುತ್ತವೆ.

ಶಿವಮೊಗ್ಗ ಕೀಸ್
ಎಲ್ಲರಿಗೂ ಥ್ಯಾಂಕ್ಸ್. ಮಿನಿ ಪಿಸಿ ಬಿಟ್ಟೆ. ಮಗಳ ಲ್ಯಾಪ್‌ಟಾಪ್‌ನಲ್ಲಿ ಗಿಗ್ ಪರ್ಫಾರ್ಮರ್ (ಸ್ಟೇಜ್ ಮೇಲೆ ಪ್ಲಗಿನ್ ಓಡಿಸುವ ಸಾಫ್ಟ್‌ವೇರ್) ಹಾಕಿ, ಎಲ್ಲ ಸೌಂಡ್ ಮೊದಲೇ ಲೋಡ್ ಮಾಡಿ, ನುಡಿಸುತ್ತಿರುವಾಗಲೇ ಮೇನ್ ಸ್ವಿಚ್ ಆಫ್ ಮಾಡಿಸಿದೆ. ಮನೆ ಕತ್ತಲಾಯಿತು, ಹೆಡ್‌ಫೋನ್‌ನಲ್ಲಿ ಸ್ಟ್ರಿಂಗ್ಸ್ ಹಾಗೇ ಇತ್ತು. ಇನ್ನೊಂದು ಖುಷಿ, ರ‍್ಯಾಕ್‌ನಲ್ಲಿ ಪ್ಯಾಚ್ ಬದಲಿಸಿದ ಕೂಡಲೇ ಹಿಂದಿನ ಪ್ಯಾಡ್ ಕಡಿದುಹೋಗುತ್ತಿತ್ತು, ಇಲ್ಲಿ ಪೆಡಲ್ ಒತ್ತಿ ಹಿಡಿದರೆ ಮುಂದುವರಿಯುತ್ತದೆ.

ಈ ಗಣಪತಿಗೆ ರ‍್ಯಾಕನ್ನೂ ಒಯ್ಯುತ್ತೇನೆ. ಮಿಕ್ಸರ್‌ನ ಪಕ್ಕದ ಚಾನೆಲ್‌ಗೆ ಹಾಕಿ, ಫೇಡರ್ ಇಳಿಸಿ ಇಟ್ಟುಕೊಳ್ಳುತ್ತೇನೆ. ಹೊಸನಗರದವರೇ, ಡಿಸ್‌ಪ್ಲೇ ಬದಲಾಯಿಸುವವರು ನಮ್ಮ ಕಡೆ ಯಾರಾದರೂ ಇದ್ದಾರಾ?